ಮಾರ್ಥಾ ಕ್ಯಾನನ್ ನಿಜವಾಗ್ಲೂ ಗಂಡನ್ನ ಸೋಲಿಸಿದ್ರಾ?

ಪ್ರಶ್ನೆ: 1896ರಲ್ಲಿ ಯೂಟಾದಲ್ಲಿ ಒಬ್ಬ ಡಾಕ್ಟರಮ್ಮ ಸ್ವಂತ ಗಂಡನ ವಿರುದ್ಧವೇ ಎಲೆಕ್ಷನ್ನಿಗೆ ನಿಂತು ಅವನನ್ನ ಸೋಲಿಸಿ ಅಮೆರಿಕದ ಮೊದಲ ಮಹಿಳಾ ಸ್ಟೇಟ್ ಸೆನೆಟರ್ ಆದ್ರಂತೆ, ನಿಜವಾ?

ಬಂತು ನೋಡಿ ಮತ್ತೆ. ಮಹಿಳಾ ದಿನಾಚರಣೆ ಹತ್ರ ಬಂದ್ರೆ ಸಾಕು, ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ಮೊದಲ ಮಹಿಳಾ ಸ್ಟೇಟ್ ಸೆನೆಟರ್ ಅನ್ನೋದು ನಿಜ, ಡಾಕ್ಟರ್ ಅನ್ನೋದೂ ನಿಜ (1880ರಲ್ಲೇ ಮಿಷಿಗನ್ ಯೂನಿವರ್ಸಿಟಿಯಲ್ಲಿ ಎಂಡಿ ಮುಗಿಸಿದ್ರು), ಗಂಡನೂ ಅದೇ ಎಲೆಕ್ಷನ್ನಲ್ಲಿ ನಿಂತು ಸೋತಿದ್ದು ಸಹ ನಿಜ. ಆದ್ರೆ "ಗಂಡನ ವಿರುದ್ಧ ನಿಂತು" ಅನ್ನೋ ಭಾಗ ಇದ್ಯಲ್ಲ, ಅದು ಮಾತ್ರ ಹಾಗಲ್ಲ. ಎಷ್ಟು ಸಲ ಹೇಳಿದ್ರೂ ಆ ಕಥೆ ಸಾಯಲ್ಲ.

ಸಾಲ್ಟ್ ಲೇಕ್ ಕೌಂಟಿಗೆ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ರಾಜ್ಯ ಸೆನೆಟ್‌ನಲ್ಲಿ, ಅಂದ್ರೆ ರಾಜ್ಯದ ಮೇಲ್ಮನೆಯಲ್ಲಿ, ಐದು ಸೀಟು. ಐದು ಬೇರೆ ಬೇರೆ ಕ್ಷೇತ್ರ ಅಲ್ಲ, ಇಡೀ ಕೌಂಟಿಗೆ ಒಟ್ಟಿಗೆ ಐದು. ನಮ್ಮ ಗ್ರಾಮ ಪಂಚಾಯ್ತಿಲಿ ಒಂದು ವಾರ್ಡಿಗೆ ಮೂರು ಸದಸ್ಯರು ಅಂತ ಇದ್ರೆ ಮೂರು ವೋಟ್ ಹಾಕ್ತೀವಲ್ಲ, ಹಾಗೇ. ಡೆಮಾಕ್ರಟ್‌ಗಳು ಐದು ಜನರನ್ನ ನಿಲ್ಲಿಸಿದ್ರು, ಅದರಲ್ಲಿ ಮಾರ್ಥಾ ಹ್ಯೂಸ್ ಕ್ಯಾನನ್ ಒಬ್ರು. ರಿಪಬ್ಲಿಕನ್ನರೂ ಐದು ಜನರನ್ನ ನಿಲ್ಲಿಸಿದ್ರು, ಅದರಲ್ಲಿ ಅವರ ಗಂಡ ಆಂಗಸ್ ಕ್ಯಾನನ್ ಒಬ್ರು. ಯಾರೇ ವೋಟರ್ ಬೇಕಾದ್ರೆ ಗಂಡನಿಗೊಂದು ಹೆಂಡತಿಗೊಂದು ವೋಟ್ ಹಾಕಿ ಇನ್ನೂ ಮೂರು ವೋಟನ್ನ ಬೇರೆಯವರಿಗೆ ಕೊಡಬಹುದಿತ್ತು, ಇಬ್ರೂ ಗೆದ್ದು ಒಟ್ಟಿಗೆ ಸೆನೆಟ್‌ನಲ್ಲಿ ಕೂತ್ಕೊಳ್ಳೋಕೂ ಯಾವ ಅಡ್ಡಿಯೂ ಇರಲಿಲ್ಲ. ಇದನ್ನ ನೇರ ಹಣಾಹಣಿ ಅಂತ ಹೇಗೆ ಕರೀತೀರಿ?

ಆಗಿದ್ದೇನಂದ್ರೆ ಐದಕ್ಕೈದೂ ಡೆಮಾಕ್ರಟ್‌ಗಳ ಪಾಲಾಯ್ತು. ಹಾಗಾಗಿ ಆಂಗಸ್‌ರನ್ನ "ಸೋಲಿಸಿದವರು" ಅಂತ ಲೆಕ್ಕ ಹಾಕೋದಾದ್ರೆ ಐದು ಜನ ಆಗ್ತಾರೆ, ಅದರಲ್ಲಿ ನಾಲ್ಕು ಜನಕ್ಕೂ ಅವರ ಸಂಸಾರಕ್ಕೂ ಏನೂ ಸಂಬಂಧ ಇಲ್ಲ. ಅದೇ ರಿಪಬ್ಲಿಕನ್ ಪಟ್ಟಿಲಿ ಎಮೆಲಿನ್ ವೆಲ್ಸ್ ಕೂಡ ಇದ್ರು, ಯೂಟಾದಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರಿಕೆ ನಡೆಸಿ ಹೋರಾಡಿದ ಹೆಂಗಸು, ಅವರೂ ಸೋತ್ರು. ಮಾರ್ಥಾ ಎಮೆಲಿನ್‌ರನ್ನ ಸೋಲಿಸಿದ್ರು ಅಂತ ಯಾರೂ ಫಾರ್ವರ್ಡ್ ಕಳಿಸಲ್ಲ, ಯಾಕಂದ್ರೆ ಅದರಲ್ಲಿ ಮಸಾಲೆ ಇಲ್ಲ.

ಮಸಾಲೆ ಹಾಕಿದ್ದು ಆಗಿನ ಪೇಪರ್‌ಗಳೇ ಬಿಡಿ. ಡೆಮಾಕ್ರಟ್ ಪರ ಇದ್ದ ಸಾಲ್ಟ್ ಲೇಕ್ ಹೆರಾಲ್ಡ್, ಈ ಇಬ್ಬರಲ್ಲಿ ಹೆಂಡತಿಯೇ ಹೆಚ್ಚು ಗಂಡಸು, ಆಕೆಯನ್ನ ಸೆನೆಟ್‌ಗೆ ಕಳಿಸಿ, ಗಂಡ ಮನೇಲಿದ್ದು ಮನೆ ನೋಡ್ಕೊಳ್ಳಲಿ ಅನ್ನೋ ಅರ್ಥದಲ್ಲಿ ಕುಟುಕಿತ್ತು. ಅದು ಪ್ರಚಾರದ ಕುಚೋದ್ಯ, ಅದನ್ನೇ ಜನ ಫಲಿತಾಂಶ ಅಂದ್ಕೊಂಡ್ರು. ಜೊತೆಗೆ ಮಾರ್ಥಾ ಆಂಗಸ್‌ರ ನಾಲ್ಕನೇ ಹೆಂಡತಿ, ಮಾರ್ಮನ್ನರ (ಯೂಟಾದಲ್ಲಿ ನೆಲೆಸಿದ್ದ ಒಂದು ಕ್ರೈಸ್ತ ಪಂಥ) ಬಹುಪತ್ನಿತ್ವದ ಕಾಲದ ಮದುವೆ, ಆಗ ಬಹುಪತ್ನಿತ್ವ ಕಾನೂನಿನ ಪ್ರಕಾರ ಅಪರಾಧ, ಹಾಗಾಗಿ ಗಂಡನ ವಿರುದ್ಧ ಸಾಕ್ಷಿ ಹೇಳೋದು ತಪ್ಪಿಸ್ಕೊಳ್ಳೋಕೆ ಆಕೆ ಮಗು ಎತ್ಕೊಂಡು ಇಂಗ್ಲೆಂಡಿಗೆ ಹೋಗಿ ಇದ್ದಿದ್ದೂ ಉಂಟು. ಇಷ್ಟೆಲ್ಲ ಇದ್ಮೇಲೆ ಕಥೆಗೆ ಕಾಲು ಬರದೇ ಇರುತ್ತಾ!

ಹಾಗಾದ್ರೆ ಡೆಮಾಕ್ರಟ್‌ಗಳು ಗೆದ್ದಿದ್ದು ಯಾಕೆ? ಬೆಳ್ಳಿ. ಯೂಟಾ ತುಂಬ ಬೆಳ್ಳಿ ಗಣಿ, ಆ ವರ್ಷ ಡೆಮಾಕ್ರಟ್ ಅಧ್ಯಕ್ಷೀಯ ಅಭ್ಯರ್ಥಿ ಬ್ರಯನ್ ಬೆಳ್ಳಿ ನಾಣ್ಯದ ಪರ, ರಿಪಬ್ಲಿಕನ್ ಮೆಕಿನ್ಲಿ ಚಿನ್ನದ ಪರ. ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ ಯೂಟಾದ ರಿಪಬ್ಲಿಕನ್ ಸೆನೆಟರ್ ಆಗಿದ್ದ ಫ್ರಾಂಕ್ ಕ್ಯಾನನ್, ಅಂದ್ರೆ ಈ ಆಂಗಸ್‌ರ ಅಣ್ಣನ ಮಗನೇ, ಇದೇ ಕಾರಣಕ್ಕೆ ಪಾರ್ಟಿಯ ರಾಷ್ಟ್ರೀಯ ಸಮಾವೇಶದಿಂದ ಎದ್ದು ಹೊರಗೆ ನಡೆದುಬಿಟ್ಟಿದ್ರು. ಬ್ರಯನ್‌ಗೆ ಯೂಟಾದಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ವೋಟ್ ಬಿತ್ತು. ಆ ಅಲೆಯಲ್ಲಿ ರಿಪಬ್ಲಿಕನ್ ಟಿಕೆಟ್ ಹಿಡಿದು ನಿಂತವರ ಗತಿ ಏನು ಅಂತ ಊಹಿಸ್ಕೊಳ್ಳಿ, ಹೆಂಡತಿ ನಿಲ್ಲದೇ ಇದ್ದಿದ್ರೂ ಆಂಗಸ್ ಸೋಲ್ತಿದ್ರು. ರಾಜ್ಯದ ಕೆಳಮನೆಗೂ ಅದೇ ಸಲ ಇಬ್ರು ಹೆಂಗಸರು ಗೆದ್ರು, ಯೂರಿತ್ ಲಬಾರ್ತ್ ಮತ್ತು ಸಾರಾ ಆಂಡರ್ಸನ್, ಅವರ ಹೆಸರು ಯಾರಿಗೂ ನೆನಪಿಲ್ಲ.

ಇನ್ನೊಂದು ವಿಷಯ ಇದೆ, ಅದನ್ನ ಯಾರೂ ಕೇಳಲ್ಲ, ನಾನೇ ಹೇಳಿಬಿಡ್ತೀನಿ. ಈ ರಾಜ್ಯ ಚುನಾವಣೆಗೆ ಪಾರ್ಟಿಗಳು ಅಷ್ಟು ತಲೆ ಕೆಡಿಸ್ಕೊಂಡಿದ್ದು ಯಾಕೆ? ಆಗ ವಾಷಿಂಗ್ಟನ್ನಿನ ಸೆನೆಟರ್‌ಗಳನ್ನ ಆರಿಸ್ತಾ ಇದ್ದಿದ್ದು ರಾಜ್ಯದ ಶಾಸಕರು, ನಮ್ಮಲ್ಲಿ ಎಂಎಲ್ಎಗಳು ರಾಜ್ಯಸಭೆಗೆ ಆರಿಸ್ತಾರಲ್ಲ ಹಂಗೆ. ಡೆಮಾಕ್ರಟ್‌ಗಳು ಭರ್ಜರಿಯಾಗಿ ಗೆದ್ದಿದ್ರೂ 1897ರಲ್ಲಿ ಅವರಿಗೆ ಒಬ್ಬ ಸೆನೆಟರ್‌ನ ಆರಿಸೋಕೆ 53 ಸುತ್ತು ವೋಟಿಂಗ್ ಬೇಕಾಯ್ತು. ರೆಸಾರ್ಟ್ ಇರಲಿಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ನಮಗೆ ಗೊತ್ತಿರೋ ಆಟವೇ. ಕೊನೆಗೆ ಮೋಸೆಸ್ ಥ್ಯಾಚರ್ ಸೋತು ಜೋಸೆಫ್ ರಾಲಿನ್ಸ್ ಆಯ್ಕೆ ಆದ್ರು. 1899ರಲ್ಲಂತೂ ಫ್ರಾಂಕ್ ಕ್ಯಾನನ್ ಅವಧಿ ಮುಗಿದಾಗ ಎಷ್ಟು ಸುತ್ತು ವೋಟ್ ಹಾಕಿದ್ರೂ ಯಾರಿಗೂ ಬಹುಮತ ಬರದೆ ಶಾಸಕರೆಲ್ಲ ಸೆಷನ್ ಮುಗಿಸಿ ಮನೆಗೆ ಹೋದ್ರು, ಆ ಸೀಟು 1901ರವರೆಗೆ ಖಾಲಿ ಬಿದ್ದಿತ್ತು. ಜನರೇ ನೇರವಾಗಿ ಸೆನೆಟರ್‌ನ ಆರಿಸೋ 17ನೇ ತಿದ್ದುಪಡಿ ಬಂದಿದ್ದು 1913ರಲ್ಲಿ.