ಕುದುರೆಮುಖಕ್ಕೆ ಎಲ್ಲರೂ ಮುಳ್ಳೋಡಿಯಿಂದಲೇ ಹತ್ತುವುದೇಕೆ?

ಕುದುರೆಯ ಮುಖದ ಆಕಾರ ಎದ್ದು ಕಾಣುವುದು ಕರಾವಳಿಯ ಕಡೆಯಿಂದ. ಘಟ್ಟದ ಮೇಲಿನವರು 1894 ಮೀಟರ್ ಎತ್ತರದ ಇದೇ ಶಿಖರವನ್ನು ತಾವು ಹತ್ತುವ ಊರಿನ ಹೆಸರು ಸೇರಿಸಿ ಸಂಸೆ ಪರ್ವತ ಎಂದರು. ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿರುವ ಈ ಬೆಟ್ಟಕ್ಕೆ ಎರಡು ಹೆಸರಿದ್ದಂತೆ ಎರಡು ಮಗ್ಗುಲಿನ ದಾರಿಗಳೂ ಇದ್ದವು.

ಬ್ರಿಟಿಷರ ಕಾಲದಲ್ಲಿ ಮಂಗಳೂರಿನ ಅಧಿಕಾರಿಗಳು ಬೇಸಿಗೆಯ ಧಗೆ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರು. ಕೆಳಗಿನ ನಾವೂರು ಕಡೆಯಿಂದ ಹೊರಟರೆ ಹೆಚ್ಚುಕಡಿಮೆ ಇಡೀ ಘಟ್ಟವನ್ನೇ ಕಾಲಲ್ಲಿ ಅಳೆಯಬೇಕು. ಒಂದೇ ದಿನದಲ್ಲಿ ಹೋಗಿಬರುವ ದಾರಿ ಅದಲ್ಲ.

ಈ ಲೆಕ್ಕವನ್ನು ಬದಲಿಸಿದ್ದು ಗಣಿ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಗಿ, ಕಾಡಿನ ನಡುವೆ ಊರು ಎದ್ದಿತು, ರಸ್ತೆ ಬಂತು. (ಆ ಊರಿಗೂ ಶಿಖರದ ಹೆಸರೇ ಬಂದದ್ದರಿಂದ, ಕುದುರೆಮುಖ ಪೇಟೆಯಲ್ಲಿ ಬಸ್ ಇಳಿದು ಬೆಟ್ಟ ಹುಡುಕುವವರು ಈಗಲೂ ಇದ್ದಾರೆ. ಇಳಿಯಬೇಕಾದದ್ದು ಕಳಸದ ಕಡೆಯ ಸಂಸೆ ಅಥವಾ ಬಾಳಗಲ್‌ನಲ್ಲಿ.) ಸಂಸೆ, ಬಾಳಗಲ್‌ನಿಂದ ಜೀಪು ಕಲ್ಲುದಾರಿಯಲ್ಲಿ, ಚಾರಣ ಶುರುವಾಗುವ ಹಳ್ಳಿ ಮುಳ್ಳೋಡಿಯವರೆಗೆ ಹೋಗುತ್ತದೆ. ಅಷ್ಟು ಎತ್ತರ ಚಕ್ರದ ಮೇಲೆಯೇ ಸಿಕ್ಕಿಬಿಡುವುದರಿಂದ, ಹೋಗಿಬರುವ ಸುಮಾರು 20 ಕಿ.ಮೀ. ನಡಿಗೆ ಒಂದು ಹಗಲಿನಲ್ಲಿ ಮುಗಿಯುತ್ತದೆ.

1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಈಗ ಅದರೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ರಾತ್ರಿ ತಂಗುವಂತೆಯೂ ಇಲ್ಲ. ರಾತ್ರಿ ತಂಗಲಾಗದೆ ಉದ್ದದ ದಾರಿಗಳು ತಾವಾಗಿಯೇ ಕೈಬಿಟ್ಟುಹೋದವು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಚಾರಣಿಗರು ಮಾತ್ರ ಹೆಚ್ಚುತ್ತಲೇ ಹೋದರು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಕುದುರೆಮುಖಕ್ಕೆ ದಿನಕ್ಕೆ 300 ಮಂದಿಯ ಮಿತಿ ಬಂತು.

ಮಿತಿ ಬೇಕಿತ್ತು, ಆದರೆ ಅದೊಂದೇ ಸಾಲದು. ಒಂಟಿಮರ ದಾಟಿ ಲೋಬೋ ಮನೆಯ ಪಾಳುಗೋಡೆಗಳ ಆಚೆಗೆ ದಾರಿ ಬೋಳುಗುಡ್ಡದ ಏಣಿನ ಮೇಲೆ ಸಾಗುತ್ತದೆ. ಅಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಮಳೆಗಾಲದಲ್ಲಿ ನಡುದಾರಿ ಕೆಸರಾಗುತ್ತದೆ, ಜಾರುತ್ತದೆಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಹುಲ್ಲು ಸತ್ತ ಕಡೆ ನೀರು ಕೊರೆದು ಇನ್ನೊಂದು ಚರಂಡಿಯಾಗುತ್ತದೆ. ಮುಂದಿನವರು ಅದಕ್ಕೂ ಪಕ್ಕಕ್ಕೆ ಸರಿಯುತ್ತಾರೆ. ಒಂದಾಳು ನಡೆಯುವ ಕಾಲುದಾರಿ ಹೀಗೇ ಅಗಲವಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಓರೆಯಾಗಿ ಕಲ್ಲು ಹುಗಿದು ನೀರನ್ನು ಪಕ್ಕಕ್ಕೆ ತಿರುಗಿಸುವುದು ಹಳೆಯ, ಅಗ್ಗದ ಉಪಾಯ. ಕಾಫಿ ತೋಟದಲ್ಲಿ ದುಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪ್ರವೇಶ ಶುಲ್ಕದ ಒಂದು ಪಾಲು ಸ್ಥಳೀಯರ ಕೈಗೆ ಈ ಕೆಲಸವಾಗಿ ಬರಬೇಕು.

ಹೋಗುವವರು ಹಿಂದಿನ ರಾತ್ರಿ ಸಂಸೆ ಸುತ್ತಲಿನ ಹೋಂಸ್ಟೇಯಲ್ಲಿ ಉಳಿದು ಬೆಳಿಗ್ಗೆ 7ರೊಳಗೆ ಮುಳ್ಳೋಡಿ ಬಿಡಿ. ತಡವಾಗಿ ಹೊರಟವರು ಮಂಜು ಮುಚ್ಚಿದ ಸಂಜೆ, ಅವಸರದಲ್ಲಿ ಇಳಿಯುವಾಗ ಪಾದ ಉಳುಕಿಸಿಕೊಳ್ಳುತ್ತಾರೆ. ಆಳವಾದ ಹಲ್ಲುಗಳಿರುವ ಅಟ್ಟೆಯ ಬೂಟು, ಒಬ್ಬರಿಗೆ 2 ಲೀಟರ್ ನೀರು, ಇಂಬಳಕ್ಕೆ ಉಪ್ಪಿನ ಗಂಟು ಜೊತೆಗಿರಲಿ. ದಾರಿಯಲ್ಲಿ ದಾಟುವ ಹಳ್ಳಗಳು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದರೂ ಮೇಲೆ ಮಳೆ ಸುರಿದರೆ ಮಧ್ಯಾಹ್ನಕ್ಕೆ ಮೊಣಕಾಲು ಮೀರಬಹುದು. ಆಗ ದಾಟದೆ ದಡದಲ್ಲೇ ಕಾಯಿರಿ. ಮಳೆ ಕಡಿಮೆಯಾದರೆ ಹಳ್ಳವೂ ಬೇಗ ಇಳಿಯುತ್ತದೆ.