ಆಂಟಿಬಯಾಟಿಕ್ ನುಂಗಿದ ಮೇಲೆ ಮೈಮೇಲೆ ದದ್ದು: ಇದು ಅಲರ್ಜಿಯೇ?

ಪ್ರಶ್ನೆ: ಗಂಟಲು ನೋವಿಗೆಂದು ಅಮಾಕ್ಸಿಸಿಲಿನ್ ಶುರುಮಾಡಿ ಆರು ದಿನವಾಯಿತು. ಇಂದು ಎದೆ, ಬೆನ್ನಿನ ಮೇಲೆಲ್ಲ ಕೆಂಪು ದದ್ದು ಎದ್ದಿದೆ. ಮಾತ್ರೆ ನಿಲ್ಲಿಸಲೇ?

ಉತ್ತರ: ಮುಂದಿನ ಮಾತ್ರೆ ನುಂಗುವ ಮೊದಲು, ಅದನ್ನು ಬರೆದುಕೊಟ್ಟ ವೈದ್ಯರಿಗೆ ಇಂದೇ ತಿಳಿಸಿ. ಅವರು ಕೇಳುವ ಮೊದಲ ಮಾತು, ದದ್ದು ಯಾವಾಗ ಎದ್ದಿತು ಎಂಬುದು.

ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಎದ್ದರೆ ಅಪಾಯ ಹೆಚ್ಚು. ಆಗ ಬರುವುದು ಸಾಮಾನ್ಯವಾಗಿ ಪಿತ್ತದ ಗಂಧೆಯಂಥ ಉಬ್ಬಿದ, ವಿಪರೀತ ತುರಿಸುವ ದದ್ದು. ಒಂದು ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ನೋಡಿ: ಗಂಧೆಯಾದರೆ 24 ಗಂಟೆಯೊಳಗೆ ಅಲ್ಲಿ ಮಾಯವಾಗಿ ಬೇರೆಡೆ ಏಳುತ್ತದೆ. ನಿಮ್ಮದರಂತೆ ದಿನಗಳ ನಂತರ ಬಂದದ್ದು ಹೆಚ್ಚಾಗಿ ಗೆರೆಯೊಳಗೇ ನಿಂತು, ನಿಧಾನವಾಗಿ ಮಾಸುತ್ತದೆ. ಇದು ಬಹುತೇಕ ಸೌಮ್ಯ. ಕೆಲವು ವೈರಸ್ ಜ್ವರಗಳಲ್ಲೂ ಇಂಥದ್ದೇ ದದ್ದು ಬರುವುದರಿಂದ ತಪ್ಪು ಔಷಧಿಯದ್ದೇ ಎನ್ನಲಾಗದು.

ಆದರೆ ತುಟಿ, ನಾಲಿಗೆ ಊದಿದರೆ, ದನಿ ಒಡೆದರೆ, ಉಸಿರಾಟದಲ್ಲಿ ಸಿಳ್ಳೆ ಕೇಳಿಸಿದರೆ, ತಲೆ ತಿರುಗಿ ಬಿದ್ದಂತಾದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್. ದೊಡ್ಡವರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷದ ನಂತರ ಮತ್ತೊಮ್ಮೆ. ವೈದ್ಯರು ಕೊಟ್ಟ ಅಡ್ರಿನಲಿನ್ ಪೆನ್ (ತಾವೇ ಚುಚ್ಚಿಕೊಳ್ಳಬಹುದಾದ ಸಿದ್ಧ ಇಂಜೆಕ್ಷನ್) ಕೈಯಲ್ಲಿದ್ದರೆ ಕಾಯದೆ ಚುಚ್ಚಿ. ಅಲರ್ಜಿಗೆ ನುಂಗುವ ಸೆಟಿರಿಜಿನ್ ಮಾತ್ರೆ ತುರಿಕೆ ತಗ್ಗಿಸುತ್ತದೆ, ಕಟ್ಟುತ್ತಿರುವ ಗಂಟಲನ್ನು ಬಿಡಿಸುವುದಿಲ್ಲ. ಅದನ್ನು ನುಂಗಿ ಕಾದು ಕೂತವರು ಅಮೂಲ್ಯ ನಿಮಿಷಗಳನ್ನು ಕಳೆದುಕೊಳ್ಳುತ್ತಾರೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಮಾತ್ರ ಕೂರಿಸಿ. ಎಬ್ಬಿಸಿ ನಡೆಸಬೇಡಿ, ರಕ್ತದೊತ್ತಡ ದಿಢೀರ್ ಕುಸಿಯಬಹುದು. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಲಕ್ಷಣ ಮರುಕಳಿಸುವುದುಂಟು.

ತಡವಾಗಿ ಬಂದ ದದ್ದಿನಲ್ಲೂ ಹೆದರಬೇಕಾದ ಗುರುತುಗಳಿವೆ: ಜ್ವರ, ಬಾಯಿಹುಣ್ಣು, ಕಣ್ಣುರಿ, ಮುಟ್ಟಿದರೆ ನೋಯುವ ಚರ್ಮ, ನೀರುಗುಳ್ಳೆ, ಸುಲಿಯುವ ಸಿಪ್ಪೆ, ಊದಿದ ಮುಖ. ಇವುಗಳಲ್ಲಿ ಒಂದು ಕಂಡರೂ ಔಷಧಿ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಸಲ್ಫಾ ಎಂಬ ಇನ್ನೊಂದು ಗುಂಪಿನ ಆಂಟಿಬಯಾಟಿಕ್‌ಗಳಲ್ಲಿ ಈ ಬಗೆಯ ಪ್ರತಿಕ್ರಿಯೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಬರೀ ಭೇದಿ, ಹೊಟ್ಟೆ ತೊಳಸುವುದು ಅಡ್ಡಪರಿಣಾಮವೇ ಹೊರತು ಅಲರ್ಜಿಯಲ್ಲ.

ದದ್ದಿನ ಫೋಟೋ ತೆಗೆದಿಡಿ. ಔಷಧಿಯ ಹೆಸರು, ಎಷ್ಟನೇ ಡೋಸ್, ನುಂಗಿದ ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಡಿ. ‘ಯಾವುದೋ ಆಂಟಿಬಯಾಟಿಕ್ ಆಗಿಬರಲ್ಲ’ ಎಂದಷ್ಟೇ ಹೇಳಿದರೆ ವೈದ್ಯರು ಒಳ್ಳೆಯ ಔಷಧಿಯನ್ನು ಬಿಟ್ಟು ಬೇರೆಯದನ್ನು ಹುಡುಕಬೇಕಾಗುತ್ತದೆ. ಪೆನಿಸಿಲಿನ್ (ನಿಮ್ಮ ಅಮಾಕ್ಸಿಸಿಲಿನ್ ಸೇರಿದ ಗುಂಪು) ಅಲರ್ಜಿ ಇದೆ ಎನ್ನುವವರಲ್ಲಿ 10ಕ್ಕೆ 9 ಮಂದಿಗೆ ಪರೀಕ್ಷೆ ಮಾಡಿದಾಗ ಅದು ಕಂಡುಬರುವುದಿಲ್ಲ. ಆದರೆ ಆ ಪರೀಕ್ಷೆ ತಜ್ಞರ ಕಣ್ಣೆದುರೇ ಆಗಬೇಕು. ಉಳಿದ ಮಾತ್ರೆ ನುಂಗಿ ಮನೆಯಲ್ಲಿ ನೋಡುವಂಥದ್ದಲ್ಲ.