ಬಳೆ ಅಜ್ಜಿಯದು, ರಸೀದಿ ತಾತನ ಹೆಸರಿಗೆ

2025ರ ಮೇನಲ್ಲಿ ಸೇನೆಯ ಒಬ್ಬರು, ವಾಯುಪಡೆಯ ಒಬ್ಬರು ಮಹಿಳಾ ಅಧಿಕಾರಿಗಳು ಟಿ.ವಿ. ಕ್ಯಾಮೆರಾ ಮುಂದೆ ಕೂತು ಪಾಕಿಸ್ತಾನದ ವಿರುದ್ಧದ ಆಪರೇಷನ್ ಸಿಂಧೂರ ಕಾರ್ಯಾಚರಣೆಯ ವಿವರ ಕೊಟ್ಟರು. ಅದೇ ತಿಂಗಳ ಕೊನೆಗೆ ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) 17 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿತು. ಹಾಸನದಲ್ಲೂ ಎಲ್ಲಿ ನಾಲ್ಕು ಜನ ಸೇರಿದರೂ ಅದೇ ಮಾತು: ಹೆಂಗಸರು ಯುದ್ಧಕ್ಕೆ ಬಂದಿದ್ದು ಈಗ ತಾನೇ ಅಲ್ವಾ?

ಈಗ ಅಲ್ಲ. ಎರಡನೇ ಮಹಾಯುದ್ಧ ನಡೆಯುವಾಗ, 1942ರಲ್ಲೇ, ಬ್ರಿಟಿಷ್ ಸರ್ಕಾರ ಮಹಿಳಾ ಸಹಾಯಕ ದಳ ಕಟ್ಟಿತು. ಟೈಪಿಂಗ್, ಟೆಲಿಫೋನ್, ಡ್ರೈವಿಂಗ್ ಅವರ ಕೆಲಸ. ಯುದ್ಧ ಮುಗೀತು, ದಳವೂ ಮುಚ್ಚಿತು. ಹೆಂಗಸರು ಕಲ್ಲಿದ್ದಲು ಗಣಿಯ ಒಳಗೆ ಇಳಿಯಬಾರದು ಅನ್ನುವ ನಿಷೇಧವನ್ನು 1943ರಲ್ಲಿ ತೆಗೆದು, 1946ರಲ್ಲಿ ಮತ್ತೆ ಹಾಕಿದರು. ನಮ್ಮ ಕಡೆಗೆ ಯುದ್ಧ ಬಂದಿದ್ದು ಲೆವಿ (ಬೆಳೆದ ಧಾನ್ಯದಲ್ಲಿ ಸರ್ಕಾರಕ್ಕೆ ಕೊಡಲೇಬೇಕಾದ ಪಾಲು), ರೇಷನ್ನಿನ ರೂಪದಲ್ಲಿ. ಅಳೆದು ಕೊಟ್ಟು ಉಳಿದ ರಾಗಿಯಲ್ಲಿ ಎಷ್ಟು ದಿನ ಮುದ್ದೆ ಮಾಡಬಹುದು ಅಂತ ಲೆಕ್ಕ ಹಾಕುವವರು ಅಡುಗೆಮನೆಯಲ್ಲಿದ್ದರು.

1962ರದ್ದು ಬೇರೆಯೇ ಕಥೆ. ಚೀನಾ ಯುದ್ಧಕ್ಕೆ ಸರ್ಕಾರ ರಾಷ್ಟ್ರೀಯ ರಕ್ಷಣಾ ನಿಧಿ ತೆರೆದು ಚಿನ್ನ ಕೇಳಿತು. ಹೆಂಗಸರು ಮೈಮೇಲಿದ್ದ ಒಡವೆ ಬಿಚ್ಚಿ ಕೊಟ್ಟರು. ಜವಾನರಿಗೆ ಸ್ವೆಟರ್ ಹೆಣೆದರು. ಸಕಲೇಶಪುರದ ನಮ್ಮಜ್ಜಿ ತವರಿನಿಂದ ತಂದ ಎರಡು ಬಳೆ ಕೊಟ್ಟಿದ್ದರು. ಸೋಪು ಹಚ್ಚಿದರೂ ಒಂದು ಬಳೆ ಬರಲಿಲ್ಲವಂತೆ, ಕೊನೆಗೆ ಕತ್ತರಿಸಿಯೇ ತೆಗೆದರಂತೆ. ಆ ರಸೀದಿಯನ್ನು ನಾನು ನೋಡಿದ್ದೇನೆ. ಅದರಲ್ಲಿರುವುದು ತಾತನ ಹೆಸರು. ಯಾರೂ ಬೇಕಂತ ಮಾಡಿದ್ದಲ್ಲ, ಮನೆ ಯಜಮಾನರ ಹೆಸರು ಕೇಳಿದರು, ಬರೆದರು. ಆದರೆ ಆ ಚಿನ್ನ ಮನೆಯದಾಗಿರಲಿಲ್ಲ, ಅವರದಾಗಿತ್ತು. ಕಷ್ಟಕ್ಕೆ ಅಂತ ಇದ್ದ ಒಂದೇ ಆಸ್ತಿ ಅದು.

1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್‌ಗಿಂತ ಜಾಸ್ತಿ ಶುದ್ಧದ ಒಡವೆ ಮಾಡುವಂತಿರಲಿಲ್ಲ. ಮಗಳ ಮದುವೆಗೆ ಮತ್ತೆ ಬಳೆ ಮಾಡಿಸೋಣ ಅಂದರೆ ಅಕ್ಕಸಾಲಿಗರೇ ಕೆಲಸವಿಲ್ಲದೆ ಕೂತಿದ್ದರು.

1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಧಾನ್ಯ ಉಳಿಸಲು ಸೋಮವಾರ ರಾತ್ರಿ ಊಟ ಬಿಡಿ ಅಂದರು. ಅಜ್ಜಿಗೆ ಅದು ಹೊಸದಲ್ಲ, ಸೋಮವಾರ ಮೊದಲಿಂದಲೂ ಒಪ್ಪತ್ತು. ಮಕ್ಕಳಿಗೆ ಮಾತ್ರ ಅವಲಕ್ಕಿ ನೆನೆಸಿಡುತ್ತಿದ್ದರು.

ವೈದ್ಯಕೀಯ ವಿಭಾಗ ಬಿಟ್ಟು ಬೇರೆ ಕಡೆ ಮಹಿಳೆಯರು ಸೇನೆಯ ಅಧಿಕಾರಿಗಳಾಗಿದ್ದು 1992ರ ನಂತರ. ಅದೂ ಕೆಲವೇ ವರ್ಷದ ಸೇವೆಗೆ. ಕಾಯಂ ಕಮಿಷನ್ನಿಗಾಗಿ, ಅಂದರೆ ನಿವೃತ್ತಿಯವರೆಗೂ ಅಧಿಕಾರಿಯಾಗಿ ಉಳಿಯುವ ಹಕ್ಕಿಗಾಗಿ, ವರ್ಷಗಟ್ಟಲೆ ಕೋರ್ಟು ಅಲೆದರು. ಜವಾನರು ಹೆಚ್ಚಾಗಿ ಹಳ್ಳಿಯವರು, ಮಹಿಳೆಯ ಕೈಕೆಳಗೆ ಕೆಲಸ ಮಾಡಲು ಅವರ ಮನಸ್ಸು ಇನ್ನೂ ಒಗ್ಗಿಲ್ಲ ಅನ್ನುವ ವಾದವೂ ಕೋರ್ಟಿನಲ್ಲಿ ಸರ್ಕಾರದ ಕಡೆಯಿಂದ ಬಂತು. ಓದಿದಾಗ ನನಗೆ ನೋವಾಯಿತು. ಬಳೆ ಕೇಳಿಕೊಂಡು ಬಂದಿದ್ದು ಹಳ್ಳಿಗಳಿಗೇ. ಸುಪ್ರೀಂ ಕೋರ್ಟ್ ಆ ವಾದವನ್ನು 2020ರ ಫೆಬ್ರವರಿ 17ರಂದು ತಳ್ಳಿಹಾಕಿತು. ಎನ್‌ಡಿಎ ಪರೀಕ್ಷೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದ್ದು ಅದರ ಮರುವರ್ಷ.